ಒಲಿದವರೂ ಒಲಿಯದವರೂ



ಈ ದತ್ತಿಯ ಉಪನ್ಯಾಸಕ್ಕೆ ವಿಷಯವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ವ್ಯವಸ್ಥಾಪಕರು ನನಗೇ ಬಿಟ್ಟುಕೊಟ್ಟಾಗ, ಬಹುಕಾಲದಿಂದ ನನ್ನ ಮನಸ್ಸಿನಲ್ಲಿ ನೆಲೆಸಿದ್ದ ಒಂದು ಪ್ರಶ್ನೆಯನ್ನೇ ನಿಮ್ಮ ಮುಂದಿಡಬೇಕೆಂದು ನಿಶ್ಚಯಿಸಿದೆನು. ಪ್ರೇಮವನ್ನು ಕುರಿತು ನಮ್ಮ ಸಾಹಿತ್ಯದಲ್ಲಿ ಬೇಕಾದಷ್ಟು ಚರ್ಚೆಯಾಗಿದೆ. ಕೂಡಿದವರ ಸುಖವನ್ನೂ ಅಗಲಿದವರ ದುಃಖವನ್ನೂ ಹಾಡಿದ ಕವಿಗಳನ್ನು ನಾವು ಪಾಠಶಾಲೆಯಿಂದಲೇ ಓದುತ್ತ ಬಂದಿದ್ದೇವೆ. ಆದರೆ ಒಬ್ಬರಲ್ಲಿ ಮಾತ್ರ ಹುಟ್ಟಿ, ಇನ್ನೊಬ್ಬರಲ್ಲಿ ಹುಟ್ಟದೆಯೇ ಹೋದ ಪ್ರೇಮವೊಂದುಂಟು. ಏಕಪಕ್ಷದ ಆ ಪ್ರೇಮಕ್ಕೆ ಕಾವ್ಯದಲ್ಲಿ ಯಾವ ಸ್ಥಾನ, ಲೋಕದಲ್ಲಿ ಯಾವ ಮರ್ಯಾದೆ ಎಂಬುದನ್ನು ನಿಧಾನವಾಗಿ ಆಲೋಚಿಸಿದವರು ಕಡಮೆ. ಅಂಥ ಪ್ರೇಮವೆಂದರೆ ಕಣ್ಣೀರು, ನಿಟ್ಟುಸಿರು, ವೈರಾಗ್ಯ ಎಂದು ಇಂದಿನ ಕಥೆಗಳೂ ಚಲಚ್ಚಿತ್ರಗಳೂ ನಮ್ಮನ್ನು ನಂಬಿಸಿವೆ. ಕನ್ನಡದ ಹಿರಿಯ ಕವಿಗಳು ನೋಡಿದ ದಿಕ್ಕೇ ಬೇರೆ. ಒಲಿದವನಿಗೆ ಎಷ್ಟು ನೋವಾಯಿತು ಎಂಬುದಕ್ಕಿಂತ, ಒಲ್ಲೆನೆಂಬ ಮಾತು ಕಿವಿಗೆ ಬಿದ್ದ ಮೇಲೆ ಅವನು ಏನು ಮಾಡಿದನು ಎಂಬುದನ್ನು ಅವರು ಮುಖ್ಯವೆಂದು ಎಣಿಸಿದರು. ಇಂದು ನಾನು ಹೇಳಬೇಕೆಂದಿರುವುದೆಲ್ಲ ಈ ಒಂದು ಮಾತಿನ ವಿಸ್ತಾರವೇ ಆಗಿದೆ.

ಶಾಸ್ತ್ರದಿಂದ ಆರಂಭಿಸೋಣ. ನಮ್ಮ ಆಲಂಕಾರಿಕರ ದೃಷ್ಟಿಯಲ್ಲಿ ಶೃಂಗಾರವೆಂಬುದು ಇಬ್ಬರ ಚಿತ್ತದಲ್ಲಿಯೂ ಸಮವಾಗಿ ನೆಲೆಗೊಂಡ ರತಿಯ ಪರಿಪಾಕ. ವಿಪ್ರಲಂಭದಲ್ಲಿ ಕೂಡ, ದೇಹಗಳು ದೂರವಿದ್ದರೂ ಮನಸ್ಸುಗಳು ಒಂದಾಗಿರಬೇಕೆಂಬುದು ಅವರ ನಿಯಮ. ಒಂದೇ ಕಡೆಯ ರತಿಯನ್ನು ಅವರು ರಸವೆಂದು ಒಪ್ಪದೆ, ರಸಾಭಾಸವೆಂದು, ಎಂದರೆ ರಸದಂತೆ ತೋರಿ ರಸವಲ್ಲದ್ದೆಂದು, ಬೇರೆ ಪಂಕ್ತಿಯಲ್ಲಿ ಕೂರಿಸಿದರು. ಅದಕ್ಕೆ ಅವರು ಮತ್ತೆ ಮತ್ತೆ ಕೊಡುವ ನಿದರ್ಶನ ರಾವಣನಿಗೆ ಸೀತೆಯಲ್ಲಿ ಉಂಟಾದ ಅಭಿಲಾಷೆ. ಅಭಿನವಗುಪ್ತನಂಥ ಮಹಾಮತಿಯು ಈ ನಿದರ್ಶನವನ್ನೇ ಹಿಡಿದು, ಇಂಥ ಶೃಂಗಾರಾಭಾಸವು ಕಡೆಗೆ ಹಾಸ್ಯಕ್ಕೆ ದಾರಿಮಾಡುತ್ತದೆಂದು ವಿವೇಚಿಸಿದ್ದಾನೆ. ನಮ್ಮ ನೆರೆಯ ತಮಿಳಿನ ತೊಲ್ಕಾಪ್ಪಿಯಮ್ ಗ್ರಂಥವೂ ಪ್ರೇಮವನ್ನು ಏಳು ತಿಣೈಗಳಾಗಿ ವಿಂಗಡಿಸುವಾಗ, ಪರಸ್ಪರ ಪ್ರೇಮದ ಐದನ್ನು ನಡುವೆ ಇಟ್ಟು, ಏಕಪಕ್ಷದ ಪ್ರೇಮವಾದ ಕೈಕ್ಕಿಳೈಯನ್ನು ಒಂದು ತುದಿಗೂ ಹೊಂದಿಕೆಯಿಲ್ಲದ ಪ್ರೇಮವನ್ನು ಇನ್ನೊಂದು ತುದಿಗೂ ಸರಿಸಿತು. ಈ ಎರಡು ಶಾಸ್ತ್ರಗಳೂ ಒಂದು ಸತ್ಯವನ್ನು ಚೆನ್ನಾಗಿ ಅರಿತಿದ್ದವು: ಒಬ್ಬನ ಬಯಕೆ ಎಷ್ಟೇ ತೀವ್ರವಾಗಿರಲಿ, ಅದರ ತೀವ್ರತೆಯೊಂದರಿಂದಲೇ ಅದು ಪ್ರೇಮವೆಂಬ ಪದವಿಗೆ ಏರಲಾರದು. ಆದರೆ ಅಂಚಿಗೆ ಸರಿಸಿದ ಮಾತ್ರಕ್ಕೆ ಅಂಥ ಬಯಕೆ ಲೋಕದಿಂದ ಮರೆಯಾಗುವುದಿಲ್ಲವಷ್ಟೆ. ಶಾಸ್ತ್ರವು ಬಿಟ್ಟ ಆ ಅಂಚಿನಲ್ಲಿ ಕನ್ನಡದ ಜೈನಕವಿಗಳು ನಿಂತರು. ಹಾಸ್ಯವೆಂದು ಎಣಿಸಿದ್ದ ವಸ್ತುವನ್ನು ಕೈಗೆತ್ತಿಕೊಂಡು ಅದರಿಂದ ಕರುಣವನ್ನು ಕಡೆದರು.

ನರಸಿಂಹರಾಜಪುರದಿಂದ ಬಂದವರಿಗೆ ಸಿಂಹನಗದ್ದೆಯ ಬಸದಿಯನ್ನೂ ಅಲ್ಲಿಯ ಜ್ವಾಲಾಮಾಲಿನಿಯ ಸನ್ನಿಧಿಯನ್ನೂ ನಾನು ಪರಿಚಯಿಸಬೇಕಾಗಿಲ್ಲ. ಎಡೆಹಳ್ಳಿ ಎಂಬ ಹೆಸರಿದ್ದ ಕಾಲದಿಂದಲೂ ಆ ಊರಿನ ಮಗ್ಗುಲಲ್ಲಿ ಜಿನಧರ್ಮದ ದೀಪ ಉರಿಯುತ್ತ ಬಂದಿದೆ. ಕರ್ಣಾಟಕದ ಉದ್ದಗಲಕ್ಕೂ ಇಂಥ ಬಸದಿಗಳ ನೆರಳಿನಲ್ಲಿ ಪುರಾಣಶ್ರವಣ ಮಾಡುತ್ತಿದ್ದ ಶ್ರಾವಕರಿಗಾಗಿಯೇ, ಸುಮಾರು 1100ರ ಕಾಲದಲ್ಲಿ ಅಭಿನವ ಪಂಪನೆಂದು ಖ್ಯಾತನಾದ ನಾಗಚಂದ್ರನು ರಾಮಚಂದ್ರಚರಿತಪುರಾಣವನ್ನು ರಚಿಸಿದನು. ಅವನ ರಾವಣನು ವಾಲ್ಮೀಕಿಯ ರಾವಣನಲ್ಲ. ತನ್ನನ್ನು ಒಲ್ಲದ ಪರಸ್ತ್ರೀಯನ್ನು ಮುಟ್ಟೆನೆಂದು ಕೇವಲಿಯ ಸಮ್ಮುಖದಲ್ಲಿ ವ್ರತವನ್ನು ಕೈಗೊಂಡವನು ಅವನು. ಅವನ ಸಂಯಮದ ಒಂದು ಪರೀಕ್ಷೆಯನ್ನು ಕವಿ ಎಷ್ಟು ಸೂಕ್ಷ್ಮವಾಗಿ ಒಡ್ಡಿದ್ದಾನೆಂಬುದನ್ನು ಗಮನಿಸಬೇಕು. ರಾವಣನು ನಳಕೂಬರನ ದುರ್ಗವನ್ನು ಮುತ್ತಿರುವಾಗ, ಆ ನಳಕೂಬರನ ಪತ್ನಿಯಾದ ಉಪರಂಭೆ ಶತ್ರುವಾದ ರಾವಣನಿಗೇ ಮನಸೋತು, ದೂತಿಯನ್ನು ಕಳುಹಿಸಿ, ದುರ್ಗವನ್ನು ಭೇದಿಸುವ ವಿದ್ಯೆಯನ್ನು ಅವನಿಗೆ ದೊರಕಿಸುತ್ತಾಳೆ. ಕೋಟೆ ಬಿದ್ದ ಮೇಲೆ ಆಕೆ ತನ್ನ ಪ್ರೇಮದ ಫಲವನ್ನು ಕೇಳಿದರೆ, ವಿದ್ಯೆ ಕಲಿಸಿದವಳಾದ್ದರಿಂದ ನೀನು ನನಗೆ ಗುರು ಎಂದು ಹೇಳಿ ರಾವಣನು ಆಕೆಯನ್ನು ಗೌರವದಿಂದ ಗಂಡನ ಬಳಿಗೇ ಕಳುಹಿಸಿಬಿಡುತ್ತಾನೆ. ಇಲ್ಲಿ ಒಲಿದವಳು ಉಪರಂಭೆ, ಒಲ್ಲದವನು ರಾವಣ. ನಿರಾಕರಿಸುವ ಅಧಿಕಾರವೆಂಬುದು ಏನು, ಅದನ್ನು ಎದುರಾಳಿಯ ಮಾನಕ್ಕೆ ಕುಂದು ಬಾರದಂತೆ ಬಳಸುವುದು ಹೇಗೆ ಎಂಬುದನ್ನು ಅವನು ಸ್ವತಃ ಬಲ್ಲವನಾಗಿದ್ದನು ಎಂದಾಯಿತು.

ಅಂಥವನೇ ಮುಂದೆ ಸೀತೆಯನ್ನು ಕಂಡು ಮರುಳಾದನು. ಕದ್ದೊಯ್ದನು, ಆದರೆ ವ್ರತವನ್ನು ಮುರಿಯಲಿಲ್ಲ. ಬೇಡಿದನು, ಬೆದರಿಸಿದನು, ವೈಭವವನ್ನು ತೋರಿದನು. ಆಕೆಯ ಚಿತ್ತ ಕದಲಲಿಲ್ಲ. ಕಡೆಯ ಸಲ, ಬಹುರೂಪಿಣೀ ವಿದ್ಯೆಯನ್ನು ಸಾಧಿಸಿ ಗರ್ವದಿಂದ ಆಕೆಯ ಮುಂದೆ ಬಂದು ನಿಂತು, ರಾಮನ ಸಾವು ಸಮೀಪಿಸಿತೆಂಬಂತೆ ನುಡಿದಾಗ, ಆ ಸಾಧ್ವಿ ರಾಮನ ಪ್ರಾಣವನ್ನು ಉಳಿಸೆಂದು ಬೇಡಿ ಮೂರ್ಛೆಹೋದಳು. ನೆಲದ ಮೇಲೆ ಬಿದ್ದಿದ್ದ ಆಕೆಯನ್ನು ಕಂಡ ಕ್ಷಣದಲ್ಲಿ ರಾವಣನ ಹೃದಯದಲ್ಲಿ ಏನೋ ಕಳಚಿಬಿತ್ತು. ಕೂಡಿದ್ದ ಜೋಡಿಯೊಂದನ್ನು ತಾನು ಬೇರ್ಪಡಿಸಿದೆನೆಂಬ ಪಶ್ಚಾತ್ತಾಪ ಅವನನ್ನು ಆವರಿಸಿತು. ಸೀತೆಯನ್ನು ಹಿಂದಿರುಗಿಸಬೇಕೆಂದು ನಿಶ್ಚಯಿಸಿದನು. ಈಗಲೇ ಒಪ್ಪಿಸಿದರೆ ಅಂಜಿದನೆಂದು ಲೋಕ ಆಡಿಕೊಂಡೀತೆಂದು ಶಂಕಿಸಿ, ರಾಮಲಕ್ಷ್ಮಣರನ್ನು ಯುದ್ಧದಲ್ಲಿ ಸೆರೆಹಿಡಿದು ಆಮೇಲೆ ಒಪ್ಪಿಸುವೆನೆಂದು ಮುಂದೂಡಿದ್ದರಿಂದಲೇ ಅವನು ಅಳಿದನು. ಬಿ.ಎಂ.ಶ್ರೀಯವರು ಈ ರಾವಣನಲ್ಲಿ ದುರಂತನಾಯಕನನ್ನು ಕಂಡು ವಿಮರ್ಶಾಲೋಕದ ಕಣ್ಣು ತೆರೆಸಿದರು. ಅವರ ಮಾತಿಗೆ ನಾನು ಒಂದನ್ನೇ ಸೇರಿಸುವೆನು: ರಾವಣನ ಪರಿವರ್ತನೆಗೆ ಕಾರಣವಾದದ್ದು ಉಪದೇಶವಲ್ಲ, ಶಾಪವಲ್ಲ, ಸೋಲಲ್ಲ. ಆ ಗಳಿಗೆಯವರೆಗೆ ಅವನು ತನ್ನ ದಾಹವನ್ನು ಮಾತ್ರ ನೋಡಿಕೊಂಡಿದ್ದನು. ಆಗ ಮೊದಲ ಸಲ ಸೀತೆಯನ್ನು ನೋಡಿದನು. ಒಲಿಯದವಳೂ ತನ್ನಂತೆಯೇ ಒಲಿಯಬಲ್ಲ ಒಂದು ಜೀವ, ಆಕೆಯ ಒಲವು ಬೇರೆಡೆ ಇದೆ ಎಂಬಷ್ಟೇ ಅರಿವು. ಅಷ್ಟು ಸರಳವಾದ ಅರಿವಿಗೆ ಆ ಮಹಾಪರಾಕ್ರಮಿ ತೆತ್ತ ಬೆಲೆ ಲಂಕೆ.

ನಾಗಚಂದ್ರನಿಗಿಂತಲೂ ಕಠೋರವಾಗಿ ಈ ವಸ್ತುವನ್ನು ನೋಡಿದವನು ಜನ್ನ. ಹೊಯ್ಸಳರ ಆಸ್ಥಾನದಲ್ಲಿ ಕವಿಚಕ್ರವರ್ತಿಯೆಂಬ ಬಿರುದನ್ನು ಪಡೆದ ಈ ಕವಿ, 1209ರಲ್ಲಿ ಯಶೋಧರಚರಿತೆಯನ್ನೂ 1230ರಲ್ಲಿ ಅನಂತನಾಥಪುರಾಣವನ್ನೂ ರಚಿಸಿದನು. ಈ ಎರಡು ಕಾವ್ಯಗಳನ್ನು ನಾವು ಬೇರೆಬೇರೆಯಾಗಿ ಓದುತ್ತೇವೆ. ನನ್ನ ಭಾವನೆಯಲ್ಲಿ ಅವು ಒಂದೇ ಪ್ರಶ್ನೆಗೆ ಒಬ್ಬನೇ ಕವಿ ಇಪ್ಪತ್ತೊಂದು ವರ್ಷಗಳ ಅಂತರದಲ್ಲಿ ಬರೆದ ಎರಡು ಉತ್ತರಗಳು. ಮೊದಲನೆಯದರಲ್ಲಿ ಯಶೋಧರ ಮಹಾರಾಜನು ತನ್ನ ರಾಣಿ ಅಮೃತಮತಿಯನ್ನು ಗಾಢವಾಗಿ ಪ್ರೀತಿಸುತ್ತಾನೆ. ಆಕೆಯಾದರೋ ಇರುಳಿನಲ್ಲಿ ಕೇಳಿದ ಹಾಡಿಗೆ ಮನಸೋತು, ವಿಕಾರರೂಪನಾದ ಮಾವುತನೊಬ್ಬನ ಬಳಿಗೆ ಹೋಗುತ್ತಾಳೆ. ತಡವಾಗಿ ಬಂದಳೆಂದು ಅವನು ಹೊಡೆದರೂ ಅವನನ್ನು ಬಿಡಲಾರಳು. ಅಡಗಿ ಹಿಂಬಾಲಿಸಿದ ರಾಜನು ಇದನ್ನೆಲ್ಲ ಕಣ್ಣಾರೆ ಕಂಡು ಕತ್ತಿಯನ್ನು ಹಿರಿಯುತ್ತಾನೆ, ಮತ್ತೆ ಒರೆಗೆ ಸೇರಿಸುತ್ತಾನೆ. ಅಧಿಕಾರವುಳ್ಳವನು, ಆಯುಧವುಳ್ಳವನು, ಲೋಕದ ದೃಷ್ಟಿಯಲ್ಲಿ ನ್ಯಾಯವೂ ತನ್ನ ಕಡೆಗೇ ಇದ್ದವನು, ಆ ಕತ್ತಿಯನ್ನು ತಡೆದನೆಂಬುದು ಸಣ್ಣ ಮಾತಲ್ಲ. ಆ ಇರುಳಿನ ಸಂಗತಿಯನ್ನು ಕಥೆಯ ಮುಂದಿನ ಭವಾವಳಿಯ ಗಜಿಬಿಜಿಯಲ್ಲಿ ನಾವು ಮರೆಯಬಾರದು. ಅವನ ಒಲವಿಗೆ ಪ್ರತಿಯಾಗಿ ಒಲವು ದೊರೆಯಲಿಲ್ಲ. ದೊರೆಯಲಿಲ್ಲವೆಂಬ ಕಾರಣಕ್ಕೆ ಅವನು ಕೊಲ್ಲಲಿಲ್ಲ.

ಎರಡನೆಯದರಲ್ಲಿ ಚಂಡಶಾಸನನ ವೃತ್ತಾಂತವಿದೆ. ಅನಂತನಾಥಪುರಾಣವು ತೀರ್ಥಂಕರನೊಬ್ಬನ ಚರಿತ್ರೆ. ಆದರೆ ಓದಿ ಮುಗಿಸಿದವರ ಮನಸ್ಸಿನಲ್ಲಿ ಉಳಿಯುವುದು ತೀರ್ಥಂಕರನ ವೈಭವಕ್ಕಿಂತ ಈ ಉಪಾಖ್ಯಾನ. ಪೌದನಪುರದ ದೊರೆ ವಸುಷೇಣನಿಗೆ ಸುನಂದೆಯೆಂಬ ರಾಣಿ. ವಸುಷೇಣನ ಗೆಳೆಯನಾದ ಚಂಡಶಾಸನನು ಅತಿಥಿಯಾಗಿ ಬಂದು, ಗೆಳೆಯನ ಮನೆಯ ಅನ್ನವನ್ನುಂಡು, ಅವನ ಪತ್ನಿಯಲ್ಲೇ ಕಣ್ಣಿಟ್ಟು, ಮೋಸದಿಂದ ಆಕೆಯನ್ನು ಅಪಹರಿಸಿಕೊಂಡು ಹೋಗುತ್ತಾನೆ. ಸೆರೆಯಲ್ಲಿಟ್ಟ ಸುನಂದೆಯ ಮುಂದೆ ಅವನು ಬೇಡುವ ಬೇಡಿಕೆಗಳನ್ನೂ ಆಡುವ ಮಾತುಗಳನ್ನೂ ಜನ್ನನು ಬರೆದಿರುವ ಬಗೆಯನ್ನು ನೋಡಿದರೆ, ಆ ದುಷ್ಟನ ಬಯಕೆ ಕೇವಲ ನಟನೆಯಲ್ಲ, ಅವನ ಎದೆಯನ್ನು ನಿಜವಾಗಿಯೇ ಸುಡುತ್ತಿರುವ ಬೆಂಕಿ ಎಂಬುದು ಓದುಗನಿಗೆ ಮನವರಿಕೆಯಾಗುತ್ತದೆ. ಜನ್ನನ ಧೈರ್ಯ ಇರುವುದು ಇಲ್ಲಿಯೇ. ಖಳನ ಪ್ರೇಮವನ್ನು ಸುಳ್ಳೆಂದು ತೋರಿಸಿ ಪಾರಾಗುವುದು ಸುಲಭ. ಪ್ರೇಮ ನಿಜವೇ ಇರಬಹುದು, ಆದರೂ ಅದರಿಂದ ನಿನಗೆ ಯಾವ ಹಕ್ಕೂ ಹುಟ್ಟುವುದಿಲ್ಲ ಎಂದು ಹೇಳುವುದು ಕಷ್ಟ. ಆ ಕಷ್ಟದ ಮಾತನ್ನು ಅವನು ಹೇಳಿದನು. ಗಂಡ ಬದುಕಿರುವವರೆಗೆ ಆಕೆ ಒಲಿಯಳೆಂದು ಬಗೆದ ಚಂಡಶಾಸನನು, ವಸುಷೇಣನದೆಂದು ನಂಬಿಸಿ ಮಾಯೆಯ ತಲೆಯೊಂದನ್ನು ಆಕೆಯ ಮುಂದೆ ತಂದಿಡುತ್ತಾನೆ. ಅದನ್ನು ಕಂಡ ಸುನಂದೆಯ ಪ್ರಾಣ ಅಲ್ಲಿಯೇ ಹಾರಿಹೋಗುತ್ತದೆ. ಗೆಲ್ಲುವುದಕ್ಕೆಂದು ಹೂಡಿದ ಕಡೆಯ ಉಪಾಯವೇ ಗೆಲ್ಲಬೇಕಾದವಳನ್ನು ಕೊಂದಿತು. ಆಗ ಚಂಡಶಾಸನನು ಆಕೆಯ ಚಿತೆಯನ್ನೇರಿ ತಾನೂ ಸುಟ್ಟುಹೋಗುತ್ತಾನೆ.

ಈ ಚಿತಾರೋಹಣವನ್ನು ಕೆಲವರು ಪ್ರೇಮದ ಪರಾಕಾಷ್ಠೆಯೆಂದು ಕೊಂಡಾಡಿದ್ದಾರೆ. ಅವರ ರಸಜ್ಞತೆಯಲ್ಲಿ ನನಗೆ ಗೌರವವಿದೆ, ಅಭಿಪ್ರಾಯದಲ್ಲಿ ಸಮ್ಮತಿಯಿಲ್ಲ. ಬದುಕಿದ್ದಾಗ ತನ್ನನ್ನು ಒಲ್ಲೆನೆಂದು ದೂರವಿಟ್ಟವಳ ದೇಹವನ್ನು, ಆಕೆ ಬೇಡವೆನ್ನಲು ಶಕ್ತಿಯಿಲ್ಲದ ಸ್ಥಿತಿಯಲ್ಲಿ ಸೇರುವುದು ಪ್ರೇಮದ ವಿಜಯವಲ್ಲ, ಆಕೆಯ ನಿರಾಕರಣೆಗೆ ಮಾಡಿದ ಕಟ್ಟಕಡೆಯ ಅವಮಾನ. ಅವನ ಸಾವಿಗೆ ನಾವು ಕಣ್ಣೀರಿಡಬಹುದು. ಇಡುವಂತೆ ಕವಿ ಬರೆದೂ ಇದ್ದಾನೆ. ಆದರೆ ಮೊದಲ ಕಣ್ಣೀರು ಸುನಂದೆಗೆ ಸಲ್ಲಬೇಕು. ಆಕೆ ಯಾವ ತಪ್ಪನ್ನೂ ಮಾಡದೆ, ಯಾರನ್ನೂ ಮೋಸಗೊಳಿಸದೆ, ಕೇವಲ ಮತ್ತೊಬ್ಬನ ಕಣ್ಣಿಗೆ ಬಿದ್ದ ಕಾರಣದಿಂದ ಸತ್ತವಳು.

ಇದುವರೆಗೆ ಹೆಚ್ಚಾಗಿ ಬಯಸಿದ ಪುರುಷರ ಮಾತಾಯಿತು. ಮೊದಲು ಒಲಿದವಳು ಹೆಣ್ಣಾದರೆ ನಮ್ಮ ಕಾವ್ಯಗಳು ಆಕೆಯನ್ನು ಹೇಗೆ ನಡೆಸಿಕೊಂಡವೆಂಬುದನ್ನು ನೋಡಿದರೆ ಸಂತೋಷವಾಗುವುದಿಲ್ಲ. ಶೂರ್ಪನಖಿ ಮೂಗು ಕಳೆದುಕೊಂಡಳು. ಅಂಬೆ ಸಾಲ್ವನಿಂದಲೂ ಭೀಷ್ಮನಿಂದಲೂ ತಿರಸ್ಕೃತೆಯಾಗಿ ಬೆಂಕಿಯನ್ನು ಹೊಕ್ಕು ಶಿಖಂಡಿಯಾಗಬೇಕಾಯಿತು. ಕುಮಾರವ್ಯಾಸನು ಅರಣ್ಯಪರ್ವದಲ್ಲಿ ಊರ್ವಶಿಯ ಪ್ರಸಂಗವನ್ನು ಎಷ್ಟು ಮನಸ್ಸಿಟ್ಟು ಬೆಳೆಸಿದ್ದಾನೆಂಬುದನ್ನು ಮಲೆನಾಡಿನ ಜಗಲಿಗಳಲ್ಲಿ ಗಮಕಿಗಳ ವಾಚನವನ್ನು ಕೇಳಿದವರು ಬಲ್ಲರು. ಅಲಂಕರಿಸಿಕೊಂಡು ಅರ್ಜುನನಿದ್ದಲ್ಲಿಗೆ ಬಂದ ಆ ದೇವಗಣಿಕೆಯನ್ನು ಅವನು, ನೀನು ಪುರೂರವನ ರಾಣಿಯಾಗಿದ್ದವಳು, ನಮ್ಮ ವಂಶಕ್ಕೆ ತಾಯಿ ಎಂದು ಹೇಳಿ ನಿರಾಕರಿಸಿದಾಗ, ಆಕೆ ಸಿಡಿದೆದ್ದು ಅವನಿಗೆ ನಪುಂಸಕತ್ವದ ಶಾಪವನ್ನಿತ್ತಳು. ಆ ಶಾಪ ಅಜ್ಞಾತವಾಸದಲ್ಲಿ ಬೃಹನ್ನಳೆಯ ವೇಷಕ್ಕೆ ಉಪಯೋಗವಾಯಿತೆಂದು ನಾವು ಸಮಾಧಾನಪಟ್ಟುಕೊಂಡರೂ, ಊರ್ವಶಿಯ ನಡತೆ ಚಂಡಶಾಸನನ ನಡತೆಯ ಜಾತಿಗೇ ಸೇರಿದ್ದು. ಒಲ್ಲೆನೆಂದವನನ್ನು ಶಿಕ್ಷಿಸುವ ಹಟ ಗಂಡಿನದಾದರೇನು, ಹೆಣ್ಣಿನದಾದರೇನು? ನಮ್ಮ ಚಿಕ್ಕಮಗಳೂರು ಜಿಲ್ಲೆಯ ಕಡೂರು ತಾಲ್ಲೂಕಿನ ದೇವನೂರಿನ ಕವಿ ಲಕ್ಷ್ಮೀಶ ಮಾತ್ರ ಜೈಮಿನಿಭಾರತದಲ್ಲಿ, ಮೊದಲು ಒಲಿದ ಹೆಣ್ಣನ್ನು ನಗುಮುಖದಿಂದ ಹರಸಿದನು. ಉದ್ಯಾನದಲ್ಲಿ ನಿದ್ದೆಹೋಗಿದ್ದ ಚಂದ್ರಹಾಸನನ್ನು ಕಂಡು ಒಲಿದ ವಿಷಯೆ, ಅವನಿಗೆ ವಿಷವನ್ನು ಕೊಡಿಸಲು ತನ್ನ ತಂದೆ ದುಷ್ಟಬುದ್ಧಿ ಬರೆದಿದ್ದ ಪತ್ರವನ್ನು ಕಣ್ಣಿನ ಕಾಡಿಗೆಯಿಂದ ತಿದ್ದಿ, ಮರಣಪತ್ರವನ್ನೇ ವಿವಾಹಪತ್ರವಾಗಿ ಮಾರ್ಪಡಿಸಿದಳು. ಆಕೆಯ ಒಲವು ಮೊದಲ ಹೆಜ್ಜೆಯಲ್ಲಿಯೇ ಒಂದು ಪ್ರಾಣವನ್ನು ಉಳಿಸಿತು. ಆ ಪ್ರಸಂಗವನ್ನು ಓದುವಾಗಲೆಲ್ಲ ಹೃದಯ ಹಗುರಾಗುತ್ತದೆ.

ಕೌಶಿಕ ಮತ್ತು ಮಹಾದೇವಿಯಕ್ಕನ ಕಥೆ ನೆರೆಯ ಶಿವಮೊಗ್ಗ ಜಿಲ್ಲೆಯ ಉಡುತಡಿಯದು; ಭದ್ರೆಯ ದಂಡೆಯ ಬಾಳೆಹೊನ್ನೂರಿನ ಗುರುಪೀಠವನ್ನು ಆಶ್ರಯಿಸಿದ ಮನೆಗಳಲ್ಲಿ ಮಕ್ಕಳೂ ಅದನ್ನು ಬಲ್ಲರು. ಹರಿಹರನು ತನ್ನ ರಗಳೆಯಲ್ಲಿ ಕೌಶಿಕನನ್ನು ರಾಕ್ಷಸನನ್ನಾಗಿ ಚಿತ್ರಿಸಿಲ್ಲ. ಅವನು ಒಲಿದ ದೊರೆ. ಆಕೆಯ ಮನಸ್ಸು ಚೆನ್ನಮಲ್ಲಿಕಾರ್ಜುನನಲ್ಲಿ. ತನ್ನ ಪೂಜೆಗೂ ಭಕ್ತರ ಗೋಷ್ಠಿಗೂ ಅಡ್ಡಿಯಾಗಬಾರದೆಂದು ಆಕೆ ಹಾಕಿದ ಕಟ್ಟಳೆಗಳನ್ನು ಅವನು ಒಪ್ಪಿಕೊಂಡು, ಒಂದೊಂದಾಗಿ ಮೂರು ಸಲ ಮೀರಿದನು. ಮೂರನೆಯ ಸಲ ಆಕೆ ಅರಮನೆಯನ್ನು ಬಿಟ್ಟು ಹೊರನಡೆದಳು. ಪರಸ್ಪರ ಒಪ್ಪಿದ ಮಾತನ್ನು ಮುರಿದರೆ ಸಹವಾಸ ಮುಗಿಯಿತು ಎಂಬ ನಿಯಮವನ್ನು ಆ ತರುಣಿ ಎಂಟುನೂರಕ್ಕೂ ಹೆಚ್ಚು ವರ್ಷಗಳ ಹಿಂದೆ, ಅರಸನೊಬ್ಬನ ಎದುರಿನಲ್ಲಿ, ಬದುಕಿ ತೋರಿಸಿದಳು.

ಶೃಂಗೇರಿಯ ಶಾರದೆಯ ಸನ್ನಿಧಿಗೆ ಹತ್ತಿರದವರಾದ ನಿಮ್ಮೆದುರು, ಶಂಕರವಿಜಯದ ಒಂದು ಪ್ರಸಂಗವನ್ನು ಭಕ್ತಿಯಿಂದಲೇ ಸ್ಮರಿಸಬಯಸುತ್ತೇನೆ. ಮಂಡನಮಿಶ್ರರನ್ನು ವಾದದಲ್ಲಿ ಗೆದ್ದ ಶಂಕರಾಚಾರ್ಯರಿಗೆ ಮಂಡನರ ಪತ್ನಿ ಉಭಯಭಾರತಿ ಕಾಮಶಾಸ್ತ್ರದಲ್ಲಿ ಪ್ರಶ್ನೆಗಳನ್ನಿಟ್ಟಳೆಂದೂ, ಅವಕಾಶವನ್ನು ಬೇಡಿದ ಆಚಾರ್ಯರು ತಮ್ಮ ಶರೀರವನ್ನು ಗುಹೆಯಲ್ಲಿ ಶಿಷ್ಯರ ಕಾವಲಿನಲ್ಲಿರಿಸಿ, ಆಗತಾನೆ ಮೃತನಾದ ಅಮರುಕನೆಂಬ ರಾಜನ ದೇಹವನ್ನು ಪ್ರವೇಶಿಸಿದರೆಂದೂ ಮಾಧವೀಯ ಶಂಕರವಿಜಯವು ವರ್ಣಿಸುತ್ತದೆ. ಅಮರುಶತಕವೆಂಬ ಶೃಂಗಾರಕಾವ್ಯವನ್ನು ಸಂಪ್ರದಾಯವು ಈ ಪ್ರಸಂಗಕ್ಕೇ ಜೋಡಿಸುತ್ತದೆ. ಸತ್ತು ಎದ್ದ ರಾಜನಲ್ಲಿ ಹಿಂದೆ ಇಲ್ಲದ ತೇಜಸ್ಸನ್ನು ಕಂಡ ಅರಮನೆಯವರು, ಇವನು ಯಾರೋ ಯೋಗಿಯೆಂದು ಊಹಿಸಿ, ಅವನು ಹಿಂದಿರುಗದಿರಲೆಂದು ರಾಜ್ಯದಲ್ಲಿರುವ ನಿರ್ಜೀವ ದೇಹಗಳನ್ನೆಲ್ಲ ಸುಡಿಸಲು ಆಜ್ಞೆಮಾಡಿದರಂತೆ. ಕಥೆಯನ್ನು ಹೇಳುವವರು ಆಚಾರ್ಯರು ಹೇಗೆ ಪಾರಾದರೆಂಬುದನ್ನು ಉತ್ಸಾಹದಿಂದ ವಿವರಿಸುತ್ತಾರೆ. ನನ್ನ ಮನಸ್ಸು ಮಾತ್ರ ಆ ಅಂತಃಪುರದಲ್ಲಿ ಉಳಿಯುತ್ತದೆ. ಆ ರಾಣಿಯರು ಗಂಡನನ್ನು ಎರಡು ಸಲ ಕಳೆದುಕೊಂಡರು. ಎರಡನೆಯ ಸಲ ಅವರು ಒಲಿದದ್ದು, ತಮ್ಮಲ್ಲಿ ಒಲವಿನಿಂದಲ್ಲದೆ ಬೇರೊಂದು ಪ್ರಯೋಜನಕ್ಕಾಗಿ ಬಂದವರನ್ನು. ಅವರ ದುಃಖವನ್ನು ಹಾಡಿದ ಕವಿಯನ್ನು ನಾನು ಇದುವರೆಗೆ ಓದಿಲ್ಲ. ಈ ಮಣ್ಣಿನ ತರುಣ ಕವಿಯೊಬ್ಬನು ಆ ಕೆಲಸವನ್ನು ಕೈಗೊಂಡರೆ ಶಾರದೆ ಪ್ರಸನ್ನಳಾದಾಳೆಂದೇ ನಂಬಿದ್ದೇನೆ.

ಪಶ್ಚಿಮದ ಸಾಹಿತ್ಯವನ್ನು ಈ ಸಂದರ್ಭದಲ್ಲಿ ವಿಸ್ತರಿಸುವ ಅವಕಾಶವಿಲ್ಲ; ಎರಡು ಹೆಸರುಗಳನ್ನು ಮಾತ್ರ ಹೇಳುವೆನು. ಇಟಲಿಯ ಪೆಟ್ರಾರ್ಕನು 1327ರ ಏಪ್ರಿಲ್ 6ರಂದು ಅವಿನ್ಯಾನಿನ ಇಗರ್ಜಿಯಲ್ಲಿ ಲಾರಾ ಎಂಬವಳನ್ನು ಕಂಡು, ಆಕೆ ಬದುಕಿರುವವರೆಗೂ ಆಕೆ ಗತಿಸಿದ ಮೇಲೂ ಆಕೆಯನ್ನು ಕುರಿತೇ ಬರೆದನು. ಆಕೆಯ ಬಾಳಿಗೆ ಅವನಿಂದ ಯಾವ ಹಾನಿಯೂ ಆಗಲಿಲ್ಲ, ಭಾಷೆಗೆ ಮಹದುಪಕಾರವಾಯಿತು. ಜರ್ಮನಿಯ ಗಯಟೆ 1774ರಲ್ಲಿ ಬರೆದ ವೆರ್ಟರನ ಕಥೆಯಲ್ಲಿಯಾದರೋ, ಮತ್ತೊಬ್ಬನ ಕೈಹಿಡಿದ ಲೋಟೆಯನ್ನು ಮರೆಯಲಾರದ ತರುಣನು ಗುಂಡು ಹಾರಿಸಿಕೊಂಡು ಸಾಯುತ್ತಾನೆ. ಅವನ ನೀಲಿಯ ಅಂಗಿಯನ್ನೂ ಹಳದಿಯ ಒಳಅಂಗಿಯನ್ನೂ ಯೂರೋಪಿನ ತರುಣರು ಅನುಕರಿಸಿದರು. ಪ್ರೇಮದಲ್ಲಿ ಸೋತವನು ಸಾಯುವುದೇ ಘನತೆ ಎಂಬ ಭಾವನೆ ಅಲ್ಲಿಂದ ಲೋಕಕ್ಕೆಲ್ಲ ಹರಡಿತು. 1917ರಲ್ಲಿ ಪ್ರಕಟವಾದ ಶರಚ್ಚಂದ್ರರ ದೇವದಾಸನು ಕುಡಿದು ಕುಡಿದು ಸತ್ತು, ಆ ಭಾವನೆಯನ್ನು ನಮ್ಮ ದೇಶದ ಮನೆಮನೆಗೂ ಮುಟ್ಟಿಸಿದನು. ತನ್ನನ್ನು ತಾನೇ ನಾಶಮಾಡಿಕೊಳ್ಳುವವನು ಚಂಡಶಾಸನನಿಗಿಂತ ಮೇಲು, ನಿಜ. ಆದರೆ ತನ್ನ ಸಾವನ್ನು ಒಲಿಯದವಳ ಕೊರಳಿಗೆ ಕಟ್ಟಿಹೋಗುವುದು ಎಷ್ಟರಮಟ್ಟಿನ ಪ್ರೇಮವೆಂದು ನಾನು ಕೇಳಬಯಸುತ್ತೇನೆ.

ಈಗ ನಾವು ಕುಳಿತಿರುವ ಕೊಪ್ಪದ ನೆಲಕ್ಕೇ ಬರೋಣ. ಈ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರಿನಲ್ಲಿ, 1904ರ ಡಿಸೆಂಬರ್ 29ರಂದು ಜನಿಸಿದ ಕುವೆಂಪು ಅವರು ನಾಗಚಂದ್ರನು ಎಲ್ಲಿ ನಿಲ್ಲಿಸಿದ್ದನೋ ಅಲ್ಲಿಂದ ಮುಂದಕ್ಕೆ ನಡೆದವರು. 1955ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಗೌರವವನ್ನು ಪಡೆದ ಶ್ರೀರಾಮಾಯಣದರ್ಶನಂ ಮಹಾಕಾವ್ಯದಲ್ಲಿ ಅವರ ರಾವಣನು ಪಶ್ಚಾತ್ತಾಪದಲ್ಲಿಯೇ ನಿಲ್ಲುವುದಿಲ್ಲ. ಸ್ವಪ್ನದಲ್ಲಿ ಅವನು ಸೀತೆಯನ್ನು ತಾಯಿಯಾಗಿ ಕಾಣುತ್ತಾನೆ. ಕಾಮಿಯಾಗಿ ಹೊರಟವನು ಆಕೆಯ ಮಡಿಲ ಶಿಶುವಾಗುತ್ತಾನೆ. ಬಯಕೆಯನ್ನು ಕೊಲ್ಲದೆ, ಅದನ್ನು ಬೇರೊಂದು ಸಂಬಂಧವಾಗಿ ಮಾರ್ಪಡಿಸಿದ ಈ ದರ್ಶನಕ್ಕೆ ಸಮನಾದದ್ದನ್ನು ನಾನು ಬೇರೆಲ್ಲಿಯೂ ಓದಿಲ್ಲ. ಇದು ಎಲ್ಲರಿಗೂ ಸಾಧ್ಯವಾಗುವ ಮಾರ್ಗವೇ ಎಂದರೆ, ಅಲ್ಲವೆಂದೇ ಹೇಳಬೇಕು. ಮಹಾಕಾವ್ಯವು ತೋರುವ ಶಿಖರವನ್ನು ಎಲ್ಲರೂ ಏರಲಾರರು.

ಸಾಮಾನ್ಯರ ದಾರಿಯನ್ನು ಅದೇ ಕವಿ 1936ರಲ್ಲಿಯೇ ಕಾನೂರು ಹೆಗ್ಗಡಿತಿಯಲ್ಲಿ ತೋರಿಸಿದ್ದರು. ಆ ಕಾದಂಬರಿಯನ್ನು ಓದಿದವರೆಲ್ಲ ಹೂವಯ್ಯ ಮತ್ತು ಸೀತೆಯರ ಭಗ್ನಪ್ರೇಮಕ್ಕೆ ಮರುಗುತ್ತಾರೆ. ಆದರೆ ಹೂವಯ್ಯನ ಪ್ರೇಮ ಏಕಪಕ್ಷದ್ದಲ್ಲ. ಸೀತೆಯೂ ಅವನಿಗೆ ಒಲಿದವಳೇ. ಹಿರಿಯರ ಹಟವೂ ಜಾತಕದ ನೆಪವೂ ಕೂಡಿ ಅವರನ್ನು ಅಗಲಿಸಿದವು. ಆ ಕಥೆಯಲ್ಲಿ ನಿಜವಾಗಿ ಒಲವಿಗೆ ಪ್ರತಿಯಾಗಿ ಒಲವನ್ನು ಪಡೆಯದವನು ರಾಮಯ್ಯ. ಹೂವಯ್ಯನ ಚಿಕ್ಕಪ್ಪನ ಮಗ, ಅವನೊಡನೆ ಮೈಸೂರಿನಲ್ಲಿ ಓದಿದವನು, ಅವನನ್ನು ಅಣ್ಣನೆಂದು ಪ್ರೀತಿಸಿದವನು, ಕಡೆಗೆ ತಂದೆ ಚಂದ್ರಯ್ಯಗೌಡರ ಇಚ್ಛೆಗೆ ಬಾಗಿ ಸೀತೆಯ ಕೊರಳಿಗೆ ತಾಳಿ ಕಟ್ಟಿದನು. ತಾಳಿ ಕಟ್ಟಿದ ಕೈಗೆ ಮನಸ್ಸು ದೊರೆಯಲಿಲ್ಲ. ಮನೆ, ಕುಲ, ಶಾಸ್ತ್ರ ಎಲ್ಲವೂ ಅವನ ಪಕ್ಷದಲ್ಲಿದ್ದರೂ ಸೀತೆ ಅವನವಳಾಗಲಿಲ್ಲ. ವಿಮರ್ಶಕರು ರಾಮಯ್ಯನನ್ನು ದುರ್ಬಲನೆಂದು ಒಂದು ವಾಕ್ಯದಲ್ಲಿ ಮುಗಿಸಿಬಿಡುತ್ತಾರೆ. ದುರ್ಬಲನೇ ಹೌದು, ಒಲ್ಲದವಳನ್ನು ಒಲ್ಲದವಳೆಂದು ತಿಳಿದೂ ಮದುವೆಯಾದ ದೋಷದಿಂದ ಅವನನ್ನು ಬಿಡಿಸಲಾಗದು. ಆದರೂ ನಮ್ಮ ಮಲೆನಾಡಿನ ಹಳೆಯ ಚೌಕಿಮನೆಗಳಲ್ಲಿ, ಹಿರಿಯರು ಕುದುರಿಸಿದ ಸಂಬಂಧಕ್ಕೆ ತಲೆಬಾಗಿ, ಹೆಂಡತಿಯ ಮುಖದಲ್ಲಿ ಇಲ್ಲದ ಒಲವನ್ನು ಹುಡುಕುತ್ತ ಮುದುಕರಾದ ಗಂಡಸರು ಎಷ್ಟು ಮಂದಿ! ಗಂಡನ ಮುಖದಲ್ಲಿ ಅದನ್ನೇ ಹುಡುಕುತ್ತ ಸವೆದುಹೋದ ಹೆಂಗಸರು ಅದಕ್ಕಿಂತ ಎಷ್ಟೋ ಹೆಚ್ಚು ಮಂದಿ! ಸಾಮಾನ್ಯರ ಮದುವೆಯೊಳಗಿನ ಏಕಪಕ್ಷದ ಪ್ರೇಮಕ್ಕೆ ಕಾವ್ಯವಿಲ್ಲ, ಲಾವಣಿಯಿಲ್ಲ. ಅದನ್ನು ಕಂಡು ಬರೆದ ಕುವೆಂಪು ಅವರ ಕಣ್ಣಿಗೆ ನಾವು ಋಣಿಗಳು. ಮುಂದೆ 1967ರಲ್ಲಿ ಬಂದ ಮಲೆಗಳಲ್ಲಿ ಮದುಮಗಳು ಕೃತಿಯಲ್ಲಿ, ಒಲ್ಲದ ಮದುವೆಯ ಹಿಂದಿನ ಇರುಳು ಚಿನ್ನಮ್ಮನು ಮನೆಯನ್ನು ಬಿಟ್ಟು ಕಾಡಿಗೆ ನಡೆದಳು. ಸೀತೆಗೆ ಆಗದಿದ್ದುದನ್ನು ಚಿನ್ನಮ್ಮ ಮಾಡಿದಳು. ಆ ಮೂವತ್ತೊಂದು ವರ್ಷಗಳಲ್ಲಿ ಕವಿಯೂ ನಾಡೂ ಅಷ್ಟು ದೂರ ನಡೆದಿದ್ದವು.

ನರಸಿಂಹರಾಜಪುರದವರೇ ಆದ ಎಂ. ಕೆ. ಇಂದಿರಾ ಅವರು ಈ ಪ್ರಶ್ನೆಯನ್ನು ಇನ್ನೂ ಹಿಂದಕ್ಕೆ, ಅದರ ಬೇರಿನವರೆಗೆ, ಒಯ್ದರು. ಹನ್ನೆರಡನೆಯ ವಯಸ್ಸಿನಲ್ಲಿ ಮದುವೆಯಾಗಿ, ನಡುವಯಸ್ಸು ದಾಟುತ್ತಿರುವಾಗ ಬರೆಯತೊಡಗಿ, 1963ರಲ್ಲಿ ತುಂಗಭದ್ರಾ ಕಾದಂಬರಿಯಿಂದ ಹೆಸರಾದ ಅವರು, 1976ರಲ್ಲಿ ಫಣಿಯಮ್ಮ ಎಂಬ ಕೃತಿಯನ್ನು ಕೊಟ್ಟರು. ಬಾಲ್ಯದಲ್ಲಿಯೇ ಮದುವೆಯಾಗಿ, ಬಾಲ್ಯದಲ್ಲಿಯೇ ವಿಧವೆಯಾಗಿ, ತಲೆ ಬೋಳಿಸಿಕೊಂಡು, ದೊಡ್ಡ ಮನೆಯ ಕೆಲಸವನ್ನೆಲ್ಲ ಮೈಮೇಲೆ ಹೊತ್ತು, ನೂರು ವರ್ಷಗಳಾಚೆಗೂ ಬದುಕಿದ ಜೀವ ಅದು. ಒಲಿಯುವ, ಒಲ್ಲೆನೆನ್ನುವ, ನಿರಾಶೆಗೊಳ್ಳುವ ಯಾವ ಅವಕಾಶವನ್ನೂ ಲೋಕವು ಫಣಿಯಮ್ಮನಿಗೆ ಕೊಡಲಿಲ್ಲ. ಏಕಪಕ್ಷದ ಪ್ರೇಮದ ದುಃಖವನ್ನಾದರೂ ಅನುಭವಿಸಬೇಕಾದರೆ ಮೊದಲು ಒಲಿಯುವುದಕ್ಕೆ ಅನುಮತಿಯಿರಬೇಕಷ್ಟೆ! ಆದರೂ ಆ ವೃದ್ಧೆ ಕಹಿಯಾಗಲಿಲ್ಲ. ಆ ಮನೆತನದ ತರುಣ ವಿಧವೆ ದಾಕ್ಷಾಯಣಿ ತಲೆ ಬೋಳಿಸಿಕೊಳ್ಳಲು ಒಲ್ಲೆನೆಂದಾಗ, ಹಿರಿಯರ ಸಿಟ್ಟಿನೆದುರು ಆಕೆಯ ಪರವಾಗಿ ನಿಂತವಳು ಫಣಿಯಮ್ಮನೇ. ತನಗೆ ಎಂದೂ ದೊರೆಯದಿದ್ದ ಒಲ್ಲೆನೆಂಬ ಮಾತನ್ನು ಇನ್ನೊಬ್ಬಳ ಬಾಯಲ್ಲಿ ಕೇಳಿ, ಅದನ್ನು ಕಾಪಾಡಿದ ಆ ಔದಾರ್ಯವನ್ನು ನಾನು ರಾವಣನ ಪರಿವರ್ತನೆಯ ಪಕ್ಕದಲ್ಲಿಯೇ ಇರಿಸುತ್ತೇನೆ. ಮಲೆನಾಡಿನ ಗದ್ಯದಲ್ಲಿ ಅದಕ್ಕಿಂತ ಉನ್ನತವಾದ ಗಳಿಗೆಯನ್ನು ನಾನು ಅರಿಯೆನು.

ಮಹನೀಯರೆ, ಇದನ್ನೆಲ್ಲ ಹಳೆಯ ಪುಸ್ತಕಗಳ ಮಾತೆಂದು ಬದಿಗಿಡುವ ಕಾಲ ಇದಲ್ಲ. ಒಲ್ಲೆನೆಂದ ಹುಡುಗಿಯ ಮುಖಕ್ಕೆ ಆಸಿಡ್ ಎರಚಿದ ಸುದ್ದಿಯನ್ನು ಕನ್ನಡನಾಡಿನ ಪತ್ರಿಕೆಗಳಲ್ಲಿ ಎಷ್ಟೋ ಸಲ ನಾವು ಓದಿದ್ದೇವೆ. ಓದಿ ಹಾಳೆಯನ್ನು ಮಗುಚಿದ್ದೇವೆ. 2013ರಲ್ಲಿ ದಂಡಸಂಹಿತೆಗೆ ತಿದ್ದುಪಡಿಯಾಗಿ, ಅಂಥ ದಾಳಿಗೆ ಹತ್ತು ವರ್ಷಗಳಿಗೆ ಕಡಮೆಯಿಲ್ಲದ ಸೆರೆವಾಸವೂ, ಬೇಡವೆಂದರೂ ಹೆಣ್ಣಿನ ಬೆನ್ನುಹತ್ತಿ ತಿರುಗುವುದಕ್ಕೆ ಪ್ರತ್ಯೇಕವಾದ ಶಿಕ್ಷೆಯೂ ಗೊತ್ತಾದವು. ಕಾನೂನು ತಡವಾಗಿಯಾದರೂ ಬಂದದ್ದು ಒಳ್ಳೆಯದು. ಆದರೆ ಆ ತರುಣರಲ್ಲಿ ಅನೇಕರು ತಾವು ಪ್ರೇಮಕ್ಕಾಗಿಯೇ ಹಾಗೆ ಮಾಡಿದೆವೆಂದು ನಂಬಿದವರು. ಆ ನಂಬಿಕೆಯನ್ನು ಕಾನೂನು ತಿದ್ದಲಾರದು. ಹತ್ತು ಸಲ ಹಿಂಬಾಲಿಸಿದರೆ ಹನ್ನೊಂದನೆಯ ಸಲ ಹುಡುಗಿ ನಕ್ಕಾಳೆಂದು ಚಲಚ್ಚಿತ್ರವು ಅವರಿಗೆ ಕಲಿಸಿದೆ. ಚಂಡಶಾಸನನು ಹಿಂಬಾಲಿಸಿ ಏನನ್ನು ಪಡೆದನೆಂಬುದನ್ನು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ.

ಆದುದರಿಂದ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲ್ಲೂಕುಗಳ ಪ್ರೌಢಶಾಲೆ, ಪದವಿಪೂರ್ವ ಕಾಲೇಜುಗಳ ಕನ್ನಡ ಅಧ್ಯಾಪಕರಲ್ಲಿ ನನ್ನದೊಂದು ವಿಜ್ಞಾಪನೆ. ಹದಿನಾರರಿಂದ ಹದಿನೆಂಟರ ವಯಸ್ಸಿನ ಮಕ್ಕಳು ನಿಮ್ಮ ಮುಂದೆ ಕುಳಿತಿರುವ ಆ ಎರಡು ಮೂರು ವರ್ಷಗಳಲ್ಲಿ, ಪಠ್ಯದಲ್ಲಿರಲಿ ಇಲ್ಲದಿರಲಿ, ಅನಂತನಾಥಪುರಾಣದ ಚಂಡಶಾಸನ ವೃತ್ತಾಂತವನ್ನೂ ನಾಗಚಂದ್ರನ ರಾವಣನ ಮನಸ್ಸು ಪರಿವರ್ತನೆಗೊಂಡ ಪ್ರಸಂಗವನ್ನೂ ಅವರಿಗೆ ಒಂದು ಸಲ ಓದಿ ಹೇಳಿರಿ. ಹಳಗನ್ನಡ ಕಷ್ಟವೆಂದು ಹಿಂಜರಿಯಬೇಡಿರಿ. ಕಥೆಯನ್ನು ಹೊಸಗನ್ನಡದಲ್ಲಿ ಹೇಳಿ, ಮುಖ್ಯವಾದ ಪದ್ಯಗಳನ್ನು ಮಾತ್ರ ಗಮಕಿಯಿಂದ ಹಾಡಿಸಿದರೂ ಸಾಕು. ಅದಕ್ಕೆ ಬೇಕಾದ ಗಮಕಿಗಳು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಹುಡುಗರಿಗೂ ಹುಡುಗಿಯರಿಗೂ ಒಂದೇ ಕೊಠಡಿಯಲ್ಲಿ, ಒಟ್ಟಿಗೆ ಓದಿರಿ. ಓದಿ ಮುಗಿಸಿದ ಮೇಲೆ ಸುನಂದೆಯ ಪರವಾಗಿ ಮಾತನಾಡಬಲ್ಲವರು ಯಾರೆಂದು ಕೇಳಿ, ಅವರ ಉತ್ತರಗಳಿಗೆ ಸಮಯ ಕೊಡಿರಿ.